ಎಂಟು ಮುದ್ರೆಗಳು: ಶಿಕೋಕುವಿನ ಕೋಟೆಗಳಲ್ಲಿ ಏಳು ದಿನ

ಜಪಾನಿನ ನಾಲ್ಕು ಮುಖ್ಯ ದ್ವೀಪಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಶಿಕೋಕು. ಹೆಸರಿನ ಅರ್ಥ ‘ನಾಲ್ಕು ನಾಡು’. ಅವಾ, ಸಾನುಕಿ, ಇಯೊ, ತೋಸಾ ಎಂಬ ನಾಲ್ಕು ಹಳೆಯ ಪ್ರಾಂತಗಳಿಂದ ಬಂದ ಹೆಸರು ಅದು. ಜಪಾನಿನ ಕೋಟೆಯ ನೆತ್ತಿಯಲ್ಲಿ ನಿಲ್ಲುವ, ಸೂರಿನ ಮೇಲೆ ಸೂರು ಹೊದ್ದ ಮರದ ಗೋಪುರವನ್ನು ‘ತೆನ್ಶು’ ಎನ್ನುತ್ತಾರೆ. 1873ರಲ್ಲಿ, ಸಮುರಾಯ್ ಆಳ್ವಿಕೆ ಕೊನೆಗೊಂಡ ಮೇಲೆ ಚಕ್ರವರ್ತಿಯ ಹೆಸರಿನಲ್ಲಿ ಬಂದ ಮೆಯ್ಜಿ ಸರ್ಕಾರವು ಕೋಟೆಗಳನ್ನು ಬೇಡದ ಆಸ್ತಿಯೆಂದು ತೀರ್ಮಾನಿಸಿದ ಮೇಲೆ ಅವುಗಳಲ್ಲಿ ಬಹುಪಾಲು ಹರಾಜಾದವು ಅಥವಾ ನೆಲಸಮವಾದವು. ಉಳಿದವುಗಳಲ್ಲಿ ಹಲವು 1945ರ ಬಾಂಬುಗಳಿಗೆ ಬೂದಿಯಾದವು. ಹೀಗಾಗಿ ಮೂಲ ಮರದ ಮೈಯಲ್ಲೇ ಇಂದಿಗೂ ನಿಂತಿರುವ ತೆನ್ಶುಗಳು ಇಡೀ ದೇಶದಲ್ಲಿ ಹನ್ನೆರಡೇ. ಅವುಗಳಲ್ಲಿ ನಾಲ್ಕು ಶಿಕೋಕುವಿನಲ್ಲಿವೆ.

ಒಸಾಕಾದಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯನ ಬಳಿ ಒಂದು ಪುಸ್ತಕವಿದೆ. ಜಪಾನಿನ ನೂರು ಪ್ರಸಿದ್ಧ ಕೋಟೆಗಳ ಪಟ್ಟಿಯಲ್ಲಿರುವ ಪ್ರತಿಯೊಂದು ಕೋಟೆಯಲ್ಲೂ ಒಂದು ರಬ್ಬರ್ ಮುದ್ರೆಯನ್ನು ಇಟ್ಟಿರುತ್ತಾರೆ. ಅಲ್ಲಿಗೆ ಹೋದವರು ತಮ್ಮ ಪುಸ್ತಕಕ್ಕೆ ತಾವೇ ಒತ್ತಿಕೊಳ್ಳಬೇಕು. 76ರಿಂದ 84ರವರೆಗಿನ ಒಂಬತ್ತು ಅಂಕಿಗಳು ಶಿಕೋಕುವಿನವು. ಅವನಿಗೆ ಮುದ್ರೆಯ ಹುಚ್ಚು, ತೆನ್ಶುವಿನ ಹುಚ್ಚು. ಮೂವತ್ತು ವರ್ಷ ಕಾಲುವೆ, ತಡೆಗೋಡೆಗಳ ಕೆಲಸ ಮಾಡಿಸಿ ನಿವೃತ್ತನಾದ ನನ್ನ ಕಣ್ಣು ಎಲ್ಲಿಗೆ ಹೋದರೂ ಗೋಪುರದ ಬುಡಕ್ಕೇ ಇಳಿಯುತ್ತದೆ. ನವೆಂಬರ್ ಕೊನೆಯ ವಾರದಲ್ಲಿ ಈ ಎರಡು ಹುಚ್ಚುಗಳು ಒಂದೇ ರೈಲು ಹತ್ತಿದವು.

ಮೊದಲ ದಿನ, ಸೋಮವಾರ: ತಕಾಮತ್ಸು

ಒಕಾಯಾಮಾದಿಂದ ಹೊರಟ ರೈಲು 1988ರಲ್ಲಿ ತೆರೆದ ಸೆತೋ ಮಹಾಸೇತುವೆಯ ಮೇಲೆ, ಚಿಕ್ಕ ಚಿಕ್ಕ ದ್ವೀಪಗಳ ನೆತ್ತಿಯನ್ನು ಸವರಿಕೊಂಡು ಒಳಗಡಲನ್ನು ದಾಟಿ, ಒಂದು ಗಂಟೆಯೊಳಗೆ ನಮ್ಮನ್ನು ತಕಾಮತ್ಸುವಿನಲ್ಲಿ ಇಳಿಸಿತು. ಕೋಟೆ ನಿಲ್ದಾಣದ ಎದುರಿಗೇ ಇದೆ. ಇಕೋಮಾ ಚಿಕಾಮಾಸಾ ಎಂಬ ಪ್ರಭು ಹದಿನಾರನೆಯ ಶತಮಾನದ ಕೊನೆಯಲ್ಲಿ ಸಮುದ್ರದ ದಡದಲ್ಲೇ ಕಟ್ಟಿಸಿದ ಈ ಕೋಟೆಯ ಕಂದಕದಲ್ಲಿ ತುಂಬಿರುವುದು ಉಪ್ಪುನೀರು. ಭರತ ಇಳಿತಗಳಿಗೆ ತಕ್ಕಂತೆ ನೀರಿನ ಮಟ್ಟವನ್ನು ಕಾಯಲು ತೂಬಿನ ಬಾಗಿಲಿದೆ. ನೀರಿನಲ್ಲಿ ಕೆರೆಯ ಮೀನುಗಳ ಬದಲು ಕಡಲಿನ ತಾಯ್ ಮೀನುಗಳು ಈಜುತ್ತವೆ. ಹಿಂದೆ ಕೋಟೆಯ ಬಡಗಣ ಗೋಡೆಗೆ ಅಲೆಗಳೇ ಬಂದು ಬಡಿಯುತ್ತಿದ್ದವು. ಈಗ ಕಡಲನ್ನು ತುಂಬಿ ರಸ್ತೆ ಮಾಡಿರುವುದರಿಂದ, ದೋಣಿಯಿಂದ ನೇರ ಕೋಟೆಗೆ ಕಾಲಿಡಲು ಕಟ್ಟಿದ್ದ ಜಲದ್ವಾರವು ಕಾರುಗಳನ್ನು ನೋಡುತ್ತ ನಿಂತಿದೆ. ಅದರ ಪಕ್ಕದ 1676ರ ‘ಚಂದ್ರ ನೋಡುವ ಬುರುಜು’ ಮಾತ್ರ ಆಗಿನಂತೆಯೇ ಬೆಳ್ಳಗೆ ಉಳಿದಿದೆ.

ತೆನ್ಶು ಇಲ್ಲ, 1884ರಲ್ಲಿ ಅದನ್ನು ಕೆಡವಿದರು. ಅದಕ್ಕೆ ಎರಡು ವರ್ಷ ಮೊದಲು ತೆಗೆದ ಒಂದು ಛಾಯಾಚಿತ್ರ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. ಗೋಪುರವನ್ನು ಮತ್ತೆ ಕಟ್ಟಬೇಕೆಂಬ ಆಸೆ ಊರಿಗಿದೆ, ಆದರೆ ಒಂದು ಚಿತ್ರದಲ್ಲಿ ಹೊರಮೈ ಕಾಣುತ್ತದೆಯೇ ಹೊರತು ಒಳಗಿನ ಕಂಬ ತೊಲೆಗಳು ಕಾಣುವುದಿಲ್ಲ. ಸೂರು ಹೊದಿಸಿದ ಮರದ ಸೇತುವೆಯನ್ನು ದಾಟಿ ಖಾಲಿ ಜಗುಲಿಯ ಮೇಲೆ ನಿಂತಾಗ ಅಳಿಯನ ಮುಖ ಸಪ್ಪಗಾಗಿತ್ತು. ನನಗೆ ಹಾಗೆ ಅನ್ನಿಸಲಿಲ್ಲ. ಟೋಪಿ ಹಾರಿಹೋದರೂ ಆಳು ನಿಂತೇ ಇದ್ದ.

ಎರಡನೆಯ ದಿನ: ಮರುಗಾಮೆ

ಈ ಪ್ರವಾಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಒಂದೇ ಕಡೆ ನಿಂತದ್ದು ಮರುಗಾಮೆಯಲ್ಲಿ. ಊರ ನಡುವೆ 66 ಮೀಟರ್ ಎತ್ತರದ ಒಂದು ಗುಡ್ಡ; ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲುಗೋಡೆಗಳು. ಎಲ್ಲ ಹಂತಗಳನ್ನು ಕೂಡಿಸಿದರೆ ಗೋಡೆಯ ಎತ್ತರ ಸುಮಾರು 60 ಮೀಟರ್ ಆಗುತ್ತದೆ. ಈ ಲೆಕ್ಕದಲ್ಲಿ ಜಪಾನಿನಲ್ಲಿ ಇದನ್ನು ಮೀರಿಸುವ ಕೋಟೆಯಿಲ್ಲ. ನೆತ್ತಿಯ ಮೇಲಿನ ತೆನ್ಶು ಮಾತ್ರ ಸುಮಾರು 15 ಮೀಟರಿನ, ಮೂರೇ ಅಂತಸ್ತಿನ ಪುಟ್ಟ ಕಟ್ಟಡ. ಆನೆಯ ಮೇಲೆ ಗುಬ್ಬಚ್ಚಿ ಕೂತ ಹಾಗೆ ಕಾಣುತ್ತದೆ.

ತಕಾಮತ್ಸುವಿನ ಇಕೋಮಾ ಮನೆತನವೇ 1597ರಲ್ಲಿ ಇಲ್ಲಿಯೂ ಕೋಟೆ ಹಾಕಿತು. 1615ರಲ್ಲಿ ತೊಕುಗಾವಾ ಆಡಳಿತವು ‘ಒಂದು ನಾಡಿಗೆ ಒಂದೇ ಕೋಟೆ’ ಎಂಬ ಆಜ್ಞೆ ಹೊರಡಿಸಿದಾಗ ಇದು ಪಾಳುಬಿತ್ತು. 1640ರಲ್ಲಿ ಇಕೋಮಾ ಮನೆತನವು ಒಳಜಗಳದಿಂದ ನಾಡನ್ನೇ ಕಳೆದುಕೊಂಡ ಮೇಲೆ ಬಂದ ಯಾಮಾಜಾಕಿ ಇಎಹಾರು ಕೋಟೆಯನ್ನು ಹೊಸದಾಗಿ ಎತ್ತಿಸಿದ. ಅವನ ನಂತರ ಬಂದ ಕ್ಯೋಗೋಕು ಮನೆತನದ ಕಾಲಕ್ಕೆ, 1660ರಲ್ಲಿ, ಈಗಿನ ತೆನ್ಶು ಮುಗಿಯಿತು.

ಹೆಬ್ಬಾಗಿಲನ್ನು ದಾಟಿದೊಡನೆ ಕಡಿದಾದ ದಾರಿ ಶುರುವಾಗುತ್ತದೆ. ಅದಕ್ಕೆ ‘ಹಿಂತಿರುಗಿ ನೋಡುವ ಏರು’ ಎಂದೇ ಹೆಸರು, ಏಕೆಂದರೆ ಉಸಿರು ಸುಧಾರಿಸಿಕೊಳ್ಳಲು ನಿಂತವರೆಲ್ಲ ಹಿಂತಿರುಗಿ ನೋಡುತ್ತಾರೆ. ನಾನು ನಿಂತದ್ದು ಗೋಡೆಯ ಮೂಲೆಯನ್ನು ನೋಡಲು. ಬುಡದಲ್ಲಿ ಮೆಲ್ಲಗೆ ಹೊರಟ ಇಳಿಜಾರು ಮೇಲೇರಿದಂತೆ ಕಡಿದಾಗುತ್ತ ಹೋಗಿ, ತುದಿಯಲ್ಲಿ ನೆಟ್ಟಗೆ ನಿಂತುಬಿಡುತ್ತದೆ. ಜಪಾನೀಯರು ಇದನ್ನು ಬಿಚ್ಚಿದ ಬೀಸಣಿಗೆಯ ಅಂಚಿಗೆ ಹೋಲಿಸುತ್ತಾರೆ. ಬೀಸಣಿಗೆಗೇ ಹೆಸರಾದ ಊರಿನಲ್ಲಿ ಆ ಹೋಲಿಕೆ ಸಲೀಸಾಗಿ ಒದಗುತ್ತದೆ. ಮೂಲೆಯಲ್ಲಿ ಒಂದು ಕಲ್ಲಿನ ಉದ್ದವು ಬಲಕ್ಕಿದ್ದರೆ ಅದರ ಮೇಲಿನದರ ಉದ್ದ ಎಡಕ್ಕೆ, ಬೆರಳಿಗೆ ಬೆರಳು ಹೆಣೆದ ಹಾಗೆ. ಎಲ್ಲಿಯೂ ಗಾರೆಯಿಲ್ಲ. ಎದುರಿಗೆ ಕಾಣುವ ದೊಡ್ಡ ಕಲ್ಲುಗಳ ಬೆನ್ನಿಗೆ ಮುಷ್ಟಿಗಾತ್ರದ, ತಲೆಗಾತ್ರದ ಗುಂಡುಗಲ್ಲುಗಳನ್ನು ದಪ್ಪಗೆ ತುಂಬಿರುತ್ತಾರೆ. ಮಣ್ಣಿನೊಳಗಿಂದ ಬಂದ ನೀರು ಆ ಗುಂಡುಗಲ್ಲುಗಳ ನಡುವೆ ಇಳಿದು, ಸಂದುಗಳಿಂದ ಹೊರಬೀಳಬೇಕು. ನಮ್ಮ ತಡೆಗೋಡೆಗಳಲ್ಲಿ ಸಾಲಾಗಿ ಕೊಳವೆ ಇಟ್ಟು ಮಾಡುವ ಕೆಲಸವನ್ನು ಇಲ್ಲಿ ಇಡೀ ಗೋಡೆಯೇ ಮಾಡುತ್ತದೆ. ತಡೆಗೋಡೆಯ ನಿಜವಾದ ವೈರಿ ಬೆನ್ನ ಹಿಂದೆ ಕಟ್ಟಿಕೊಳ್ಳುವ ನೀರು ಎಂಬುದನ್ನು ನಾನು ಒಂದು ಮಳೆಗಾಲದಲ್ಲಿ ನನ್ನದೇ ಒಂದು ಗೋಡೆ ಹೊಟ್ಟೆಬಿಟ್ಟು ಮಲಗಿದಾಗ ಕಲಿತಿದ್ದೆ. ಮರುಗಾಮೆಯವರು ಅದನ್ನು 2018ರಲ್ಲಿ ಕಂಡರು. ಆ ವರ್ಷ ಜುಲೈ ಮತ್ತು ಅಕ್ಟೋಬರ್ ತಿಂಗಳ ಮಳೆಗೆ ಗುಡ್ಡದ ನೈರುತ್ಯ ಭಾಗದ ಗೋಡೆಗಳು ಹಂತ ಹಂತವಾಗಿ ಕುಸಿದವು. ಬಿದ್ದ ಕಲ್ಲುಗಳಿಗೆ ಅಂಕಿ ಕೊಟ್ಟು, ಹಳೆಯ ಛಾಯಾಚಿತ್ರಗಳೊಂದಿಗೆ ತಾಳೆ ನೋಡಿ, ಯಾವ ಕಲ್ಲು ಎಲ್ಲಿತ್ತೋ ಅಲ್ಲಿಗೇ ಮರಳಿಸುವ ಕೆಲಸವನ್ನು ಅವರು ಕೈಗೆತ್ತಿಕೊಂಡಿದ್ದಾರೆ. ಕಾಂಕ್ರೀಟ್ ಸುರಿದಿದ್ದರೆ ಇಷ್ಟು ವರ್ಷ ಹಿಡಿಯುತ್ತಿರಲಿಲ್ಲ.

ಎರಡನೆಯ ಹಂತದ ಅಂಗಳದಲ್ಲಿ ಒಂದು ಬಾವಿಯಿದೆ, ಆಳ ಸುಮಾರು 65 ಮೀಟರ್. ಅದರ ಬಗ್ಗೆ ಊರಿನವರು ಹೇಳುವ ಕಥೆ ಹೀಗಿದೆ: ಮೈಮೇಲೆ ಬಟ್ಟೆಯಿಲ್ಲದೆ ದುಡಿಯುತ್ತಿದ್ದುದರಿಂದ ‘ಬೆತ್ತಲೆ ಜೂಸಾ’ ಎಂದೇ ಹೆಸರಾದ ಕಲ್ಲುಕೆಲಸಗಾರನು ಗೋಡೆಯನ್ನು ಮುಗಿಸಿದಾಗ, ಪ್ರಭು ಹಿಗ್ಗಿ, ಇನ್ನು ಇದನ್ನು ಹಕ್ಕಿಯಲ್ಲದೆ ಬೇರೆ ಯಾರೂ ಏರಲಾರರು ಎಂದನಂತೆ. ಜೂಸಾ ಒಂದು ಕಬ್ಬಿಣದ ಕೋಲು ಕೊಡಿಸಿಕೊಂಡು ಸರಸರನೆ ಏರಿ ತೋರಿಸಿದ. ಗುಟ್ಟು ಶತ್ರುವಿನ ಪಾಲಾದೀತೆಂದು ಹೆದರಿದ ಪ್ರಭು, ಬಾವಿಯ ಆಳವನ್ನು ಅಳೆಯುವ ನೆಪದಲ್ಲಿ ಅವನನ್ನು ಕೆಳಗಿಳಿಸಿ ಮೇಲಿಂದ ಕಲ್ಲು ಹಾಕಿಸಿದ. ಅದೇ ಗೋಡೆಗೆ ದಾರಿಹೋಕ ತೋಫು ಮಾರುವವನೊಬ್ಬನನ್ನು ಬಲಿ ಕೊಟ್ಟರೆಂದೂ, ಮಳೆಯ ರಾತ್ರಿಗಳಲ್ಲಿ ‘ತೋಫು, ತೋಫು’ ಎಂಬ ಕೂಗು ಕೇಳುತ್ತದೆಂದೂ ಇನ್ನೊಂದು ಕಥೆಯಿದೆ. ಕೆರೆಯಲ್ಲಿ ನೀರು ನಿಲ್ಲಲೆಂದು ಸೊಸೆಯನ್ನು ಬಲಿ ಕೊಟ್ಟ ಕಥೆ ಕೇಳುತ್ತ ಬೆಳೆದ ನಮಗೆ ಇದು ಅಪರಿಚಿತವಲ್ಲ.

“ಮಾವ, ತೆನ್ಶು ನೋಡೋಕೆ ಬರಲ್ವಾ ನೀವು?” ಎಂದು ಅಳಿಯ ಮೇಲಿನಿಂದ ಕೂಗಿದ.

“ನೀನು ನೋಡಿಕೊಂಡು ಬಾರೋ, ನಾನು ಈ ಮೂಲೆ ಮುಗಿಸುತ್ತೇನೆ” ಎಂದೆ. ಆಮೇಲೆ ಹೋದೆ, ಹೋಗದೆ ಇರಲಿಲ್ಲ. ಏಣಿಯಂಥ ಮೆಟ್ಟಿಲುಗಳನ್ನು ಹತ್ತಿ ಮೇಲಿನ ಅಂತಸ್ತಿನ ಕಿಟಕಿಯಿಂದ ಸೆತೋ ಸೇತುವೆಯನ್ನು ನೋಡಿದೆ. ಬಂದ ಎಲ್ಲರೂ ಅದನ್ನೇ ನೋಡುತ್ತಿದ್ದರು.

ಮೂರನೆಯ ದಿನ: ಇಮಾಬಾರಿ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆನ್ಶು 1980ರ ಕಾಂಕ್ರೀಟ್ ಕಟ್ಟಡ. ಆದರೆ ಇದರ ಅಗಲವಾದ ಉಪ್ಪುನೀರಿನ ಕಂದಕವನ್ನೂ ನೆಟ್ಟಗೆ ಎದ್ದ ಗೋಡೆಯನ್ನೂ 1602ರಲ್ಲಿ ಆರಂಭಿಸಿದ ತೋದೋ ತಕಾತೋರಾ ಜಪಾನಿನ ಕೋಟೆ ಕಟ್ಟುವವರಲ್ಲಿ ಅಗ್ರಗಣ್ಯ. ಅದೇ 1602ರಲ್ಲಿ, ಅದೇ ಇಯೊ ಪ್ರಾಂತದಲ್ಲಿ, ಅವನ ನೆರೆಯ ಪ್ರಭು ಕಾತೋ ಯೋಶಿಆಕಿ ಮತ್ಸುಯಾಮಾ ಕೋಟೆಗೆ ಕೈಹಾಕಿದ. ಇಬ್ಬರೂ ಜಪಾನನ್ನು ಒಂದುಗೂಡಿಸಿದ ದಂಡನಾಯಕ ಹಿದೆಯೋಶಿಯ ಕೊರಿಯಾ ದಂಡಯಾತ್ರೆಯಲ್ಲಿ ಹಡಗು ನಡೆಸಿದವರು, ಇಬ್ಬರೂ ದೇಶದ ಆಳ್ವಿಕೆಯನ್ನು ತೊಕುಗಾವಾಗಳಿಗೆ ತಂದುಕೊಟ್ಟ ಸೆಕಿಗಾಹಾರಾ ಯುದ್ಧದಲ್ಲಿ ಗೆದ್ದ ಪಕ್ಷದವರು, ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಒಬ್ಬ ಕಡಲದಡದ ಬಯಲನ್ನು ಆರಿಸಿಕೊಂಡ, ಇನ್ನೊಬ್ಬ ಗುಡ್ಡವನ್ನು. ಮುದ್ರೆ ಒತ್ತಿಕೊಂಡು, ಮಧ್ಯಾಹ್ನದ ರೈಲಿಗೆ ಆ ಇನ್ನೊಬ್ಬನ ಕಡೆಗೆ ಹೊರಟೆವು.

ನಾಲ್ಕನೆಯ ದಿನ: ಮತ್ಸುಯಾಮಾ ಮತ್ತು ಯುಜುಕಿ

132 ಮೀಟರ್ ಎತ್ತರದ ಗುಡ್ಡಕ್ಕೆ ರೋಪ್‌ವೇ ಇದೆ; ಅದರ ಪಕ್ಕದಲ್ಲೇ ಒಬ್ಬೊಬ್ಬರೇ ಕೂರುವ ತೂಗುಕುರ್ಚಿಗಳ ಸಾಲೂ ಇದೆ. ಕುರ್ಚಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೆಂಪು ಮೇಪಲ್ ಎಲೆಗಳ ನಡುವೆ ಮೇಲೇರಿದೆವು. ಮತ್ಸುಯಾಮಾದಲ್ಲಿ ದಾರಿಯೇ ಒಂದು ಆಯುಧ. ಏರುತ್ತಿರುವವನ ಕಣ್ಣೆದುರಿಗೇ ತೆನ್ಶು ಕಾಣುತ್ತದೆ, ಇನ್ನೇನು ತಲುಪಿದೆವು ಅನ್ನಿಸುತ್ತದೆ. ನೇರ ಮುಂದೆ ನುಗ್ಗಿದವನಿಗೆ ಸಿಗುವುದು ಮಾತ್ರ ಮೂಲೆ ಮುಚ್ಚಿದ ಜಾಗ. ನಿಜವಾದ ದಾರಿ ಕದವಿಲ್ಲದ ಒಂದು ಬಾಗಿಲಿನ ಬಳಿ ಹಿಂದಕ್ಕೆ ಮಡಚಿಕೊಂಡಿದೆ. ಮುಂದಿನ ತ್ಸುತ್ಸುಯಿ ಬಾಗಿಲನ್ನು ಒಡೆಯುವುದರಲ್ಲಿ ಶತ್ರು ಮೈಮರೆತಾಗ, ಗೋಡೆಯ ಮರೆಯಲ್ಲಿರುವ ‘ಅಡಗುಬಾಗಿಲಿನಿಂದ’ ಸೈನಿಕರು ಹೊರಬಂದು ಅವನ ಬೆನ್ನಿಗೆ ಬೀಳಬಹುದು. ಚಿತ್ರದುರ್ಗದ ಬಾಗಿಲುಗಳ ಅಂಕುಡೊಂಕನ್ನು ಬಲ್ಲವರಿಗೆ ಈ ಯುಕ್ತಿ ತಟ್ಟನೆ ಅರ್ಥವಾಗುತ್ತದೆ.

ಇಲ್ಲಿನ 21 ಕಟ್ಟಡಗಳು ರಾಷ್ಟ್ರದ ಪ್ರಮುಖ ಸಾಂಸ್ಕೃತಿಕ ಆಸ್ತಿಗಳು. ಆದರೆ ತೆನ್ಶು ನಾನು ಎಣಿಸಿದ್ದಷ್ಟು ಹಳೆಯದಲ್ಲ. 1784ರಲ್ಲಿ ಸಿಡಿಲಿಗೆ ಸುಟ್ಟುಹೋದದ್ದನ್ನು ಮತ್ತೆ ಕಟ್ಟಿ ಮುಗಿಸಿದ್ದು 1852ರಲ್ಲಿ. ಬಾಣ ಬಿಡಲು ಕಿಂಡಿ, ಕಲ್ಲುರುಳಿಸಲು ಸಂದು ಎಲ್ಲವನ್ನೂ ಹಳೆಯ ಪದ್ಧತಿಯಲ್ಲೇ ಮಾಡಿ ಮುಗಿಸಿದ ಮರುವರ್ಷ ಅಮೆರಿಕದ ನೌಕಾಧಿಕಾರಿ ಪೆರಿಯ, ಫಿರಂಗಿ ಹೊತ್ತ ಕಪ್ಪು ಹಡಗುಗಳು ಎದೊ (ಇಂದಿನ ಟೋಕಿಯೋ) ಕೊಲ್ಲಿಗೆ ಬಂದವು. ಹೊಸ ಮರದ ಹೊಳಪು ಇನ್ನೂ ಆರದ ಕಟ್ಟಡವೊಂದು ಒಂದೇ ವರ್ಷದಲ್ಲಿ ಹಳತಾಯಿತು.

ಗುಡ್ಡದ ತೆಂಕಣ ಮೈಯಲ್ಲಿ ಬುಡದ ಅರಮನೆಯಿಂದ ನೆತ್ತಿಯ ಕಡೆಗೆ 230 ಮೀಟರಿಗೂ ಹೆಚ್ಚು ಉದ್ದಕ್ಕೆ ಏರಿಹೋಗುವ ಒಂದು ಕಲ್ಲುಗೋಡೆಯಿದೆ. ಶತ್ರುವು ಇಳಿಜಾರಿನಲ್ಲಿ ಅಡ್ಡಡ್ಡ ಸರಿಯದಂತೆ ತಡೆಯುವ ಇಂಥ ಏರುಗೋಡೆಗಳನ್ನು ಜಪಾನೀಯರು ಕೊರಿಯಾದಲ್ಲಿ ತಾವು ಹಾಕಿದ ಕೋಟೆಗಳಲ್ಲಿ ಕಟ್ಟಿ ಪಳಗಿದ್ದರು. ಸ್ವದೇಶದಲ್ಲಿ ಅವು ಉಳಿದಿರುವುದು ಬೆರಳೆಣಿಕೆಯ ಕಡೆ. ಕಾಡಿನ ನೆರಳಿನಲ್ಲಿ ಹಾವಸೆ ಹಿಡಿದ ಆ ಗೋಡೆಯ ಪಕ್ಕದ ಕಾಲುದಾರಿಯಲ್ಲಿ ಇಳಿಯುವಾಗ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಇದೇ ಗುಡ್ಡದ ಇನ್ನೊಂದು ಇಳಿಜಾರು 2024ರ ಜುಲೈ ಮಳೆಗೆ ಜಾರಿ, ಬುಡದ ಮನೆಗಳ ಮೇಲೆ ಬಿದ್ದು ಮೂವರು ತೀರಿಕೊಂಡರು. ಅಳಿಯ ಅದನ್ನು ಹೇಳಿದ ಮೇಲೆ ಸ್ವಲ್ಪ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ.

ಸಂಜೆ ದೋಗೋ ಬಿಸಿನೀರಿನ ಬುಗ್ಗೆಗೆ ಹೋಗುವ ಮೊದಲು ಪಕ್ಕದ ಉದ್ಯಾನದಲ್ಲಿರುವ ಯುಜುಕಿಯನ್ನು ನೋಡಿದೆವು. ಕಲ್ಲುಗೋಡೆಯ ಯುಗಕ್ಕೂ ಮೊದಲಿನ, ಕೋನೋ ಮನೆತನದ ಕೋಟೆ ಇದು. ಹದಿನಾಲ್ಕನೆಯ ಶತಮಾನದಿಂದ 1585ರಲ್ಲಿ ಹಿದೆಯೋಶಿಯ ಸೈನ್ಯ ಬರುವವರೆಗೆ ಅವರು ಇಲ್ಲಿದ್ದರು. ಇಲ್ಲಿರುವುದು ಜೋಡಿ ಕಂದಕ ಮತ್ತು ಅಗೆದ ಮಣ್ಣಿನ ಏರಿಗಳು ಮಾತ್ರ. 1987ರವರೆಗೆ ಇದರ ಮೇಲೆ ಮೃಗಾಲಯವಿತ್ತು. ಏರಿಯ ಮೇಲೆ ನಡೆದಾಡುವಾಗ ನಮ್ಮೂರ ಕೆರೆ ಏರಿಯ ಮೇಲಿದ್ದಂತೆ ಅನ್ನಿಸಿತು. ಎಂಟು ಮುದ್ರೆಗಳಲ್ಲಿ ನನಗೆ ಅತ್ಯಂತ ಆತ್ಮೀಯವಾದದ್ದು ಈ ಮಣ್ಣಿನ ಕೋಟೆಯದು.

ಐದನೆಯ ದಿನ: ಓಜು, ಮುಚ್ಚಿದ ಉವಾಜಿಮಾ

ಹಿಜಿ ನದಿಯ ತಿರುವಿನಲ್ಲಿ, ಬೆಳಗಿನ ಮಂಜು ಇನ್ನೂ ನೀರಿನ ಮೇಲಿರುವಾಗ ಓಜು ಕೋಟೆ ಕಂಡಿತು. ಹಳೆಯ ತೆನ್ಶುವನ್ನು 1888ರಲ್ಲಿ ಕೆಡವಿದ್ದರು. ಆದರೆ ತಕಾಮತ್ಸುವಿಗೆ ಇಲ್ಲದ ಭಾಗ್ಯ ಇದಕ್ಕಿತ್ತು: ಮೆಯ್ಜಿ ಕಾಲದ ಛಾಯಾಚಿತ್ರಗಳ ಜೊತೆಗೆ, ಕಂಬ ತೊಲೆಗಳ ಜೋಡಣೆಯನ್ನು ತೋರಿಸುವ ಬಡಗಿಗಳ ಮರದ ಮಾದರಿಯೂ ಉಳಿದಿತ್ತು. ಅದನ್ನು ಆಧರಿಸಿ 2004ರಲ್ಲಿ 19 ಮೀಟರಿಗೂ ಎತ್ತರದ ನಾಲ್ಕು ಅಂತಸ್ತಿನ ಗೋಪುರವನ್ನು ಮರದಲ್ಲೇ ಮತ್ತೆ ಎತ್ತಿದರು. ಅಷ್ಟೆತ್ತರದ ಮರದ ಕಟ್ಟಡಕ್ಕೆ ಇಂದಿನ ಕಟ್ಟಡ ಕಾನೂನಿನಲ್ಲಿ ಜಾಗವಿರಲಿಲ್ಲ. ಅನುಮತಿ ಪಡೆಯುವುದೇ ಒಂದು ಯುದ್ಧವಾಯಿತು. ಇಕ್ಕೆಲದಲ್ಲಿ ಮೂಲ ಬುರುಜುಗಳೆರಡು ಹೊಸ ತಮ್ಮನ ಕೈ ಹಿಡಿದ ಅಣ್ಣಂದಿರಂತೆ ನಿಂತಿವೆ. ಕಾಂಕ್ರೀಟ್ ತೆನ್ಶುಗಳ ಬಗ್ಗೆ ನನಗಿರುವ ತಕರಾರು ಹಳತು ಹೊಸತಿನದಲ್ಲ ಎಂಬುದು ಇಲ್ಲಿ ನನಗೇ ಸ್ಪಷ್ಟವಾಯಿತು. ಓಜುವಿನದು ನನಗಿಂತ ಎಷ್ಟೋ ಚಿಕ್ಕದು, ಆದರೂ ಅದರಲ್ಲಿ ಸುಳ್ಳಿಲ್ಲ. 2020ರಿಂದ ಈ ಗೋಪುರದಲ್ಲಿ ಒಂದು ರಾತ್ರಿ ತಂಗುವ ಏರ್ಪಾಡೂ ಇದೆ. ಬಾಡಿಗೆ ಕೇಳಿ ಮುಂದಿನ ರೈಲು ಹಿಡಿದೆವು.

ಓಜುವಿನ ಹಳೆಯ ಬೀದಿಗಳಲ್ಲಿ ಕಾಲಹರಣ ಮಾಡಿದ್ದು ನಾನೇ. ಉವಾಜಿಮಾದ ಕೋಟೆ ಹತ್ತಿ ತೆನ್ಶುವಿನ ಮುಂದೆ ನಿಂತಾಗ ನಾಲ್ಕು ಗಂಟೆ ಮೀರಿತ್ತು. ಚಳಿಗಾಲದಲ್ಲಿ ಅದು ನಾಲ್ಕಕ್ಕೇ ಮುಚ್ಚುತ್ತದೆ. ಅಳಿಯ ಏನೂ ಅನ್ನಲಿಲ್ಲ. ರಾತ್ರಿ ಅವನು ಆ ಊರಿನ ಹೆಸರಾಂತ ತಾಯ್‌ಮೇಶಿಯನ್ನು, ಅಂದರೆ ಬಿಸಿ ಅನ್ನದ ಮೇಲೆ ಹಸಿ ಮೀನು, ಹಸಿ ಮೊಟ್ಟೆ ಕಲಸಿ ಉಣ್ಣುವ ಊಟವನ್ನು, ಎರಡು ಬಟ್ಟಲು ಮುಗಿಸಿದ. ನಾನು ಅನ್ನದ ಜೊತೆ ಉಪ್ಪಿನಕಾಯಿ, ಆಮೇಲೆ ಆ ಸೀಮೆಯ ಕಿತ್ತಳೆಯಲ್ಲಿ ತೃಪ್ತನಾದೆ.

ಆರನೆಯ ದಿನ: ಉವಾಜಿಮಾ, ನಂತರ ರೈಲಿನಲ್ಲಿ

ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದಾಗ ಮೊದಲು ಒಳಹೊಕ್ಕವರು ನಾವೇ. ಈ ಕೋಟೆಯ ನೆಲನಕ್ಷೆ ತೋದೋ ತಕಾತೋರಾನದು, ಇಮಾಬಾರಿಗೂ ಮೊದಲಿನದು. ಹೊರಗೆರೆ ಐದು ಮೂಲೆಯದಾದರೂ ನೋಡುವವರಿಗೆ ನಾಲ್ಕು ಮೂಲೆಯದೆಂದು ಭ್ರಮೆ ಹುಟ್ಟಿಸುವಂಥದು ಎನ್ನುತ್ತಾರೆ. ಈಗಿನ ತೆನ್ಶುವನ್ನು 1660ರ ದಶಕದಲ್ಲಿ ದಾತೆ ಮನೆತನದ ಎರಡನೆಯ ಪ್ರಭು ಕಟ್ಟಿಸಿದ. ಅಷ್ಟು ಹೊತ್ತಿಗೆ ಯುದ್ಧಗಳು ಮುಗಿದು ಒಂದು ತಲೆಮಾರೇ ದಾಟಿತ್ತು. ಹಾಗಾಗಿ ಗುಂಡು ಹಾರಿಸುವ ಕಿಂಡಿಯಿಲ್ಲ, ಕಲ್ಲುರುಳಿಸುವ ಸಂದಿಲ್ಲ. ಬಾಗಿಲಿನಲ್ಲಿ ಅತಿಥಿಗಳನ್ನು ಎದುರುಗೊಳ್ಳುವ ಮನೆಯದರಂಥ, ಬಿಲ್ಲಿನಂತೆ ಬಾಗಿದ ಸೂರಿನ ಮೊಗಸಾಲೆಯಿದೆ. ನಾಲ್ಕು ಮೂಲ ತೆನ್ಶುಗಳಲ್ಲಿ ಯಾವುದು ಇಷ್ಟ ಎಂದು ಅಳಿಯ ಆಮೇಲೆ ಕೇಳಿದಾಗ ನಾನು ಇದರ ಹೆಸರನ್ನೇ ಹೇಳಿದೆ. ನಟಿಸದ ಕಟ್ಟಡ.

ಮಧ್ಯಾಹ್ನವೆಲ್ಲ ಒಂದೇ ಡಬ್ಬಿಯ ಯೋದೋ ಮಾರ್ಗದ ರೈಲಿನಲ್ಲಿ, ಶಿಮಾಂತೋ ನದಿಯ ಜೊತೆ ಜೊತೆಗೆ. ಕುಬೋಕಾವಾದಲ್ಲಿ ರೈಲು ಬದಲಿಸಿ ಕೋಚಿ ತಲುಪುವಾಗ ಕತ್ತಲಾಗಿತ್ತು.

ಏಳನೆಯ ದಿನ, ಭಾನುವಾರ: ಓಕೋ ಮತ್ತು ಕೋಚಿ

ಬೆಳಗ್ಗೆ ಮೋಡ ಕವಿದಿತ್ತು. ಮೊದಲು ನಗರದಾಚೆ, ನಾನ್‌ಕೋಕುವಿನ ಓಕೋ ಗುಡ್ಡಕ್ಕೆ ಹೋದೆವು; ಇದು ಅಳಿಯನ ಪುಸ್ತಕದ ನೂರರ ಪಟ್ಟಿಯಲ್ಲಿಲ್ಲ. ಹದಿನಾರನೆಯ ಶತಮಾನದಲ್ಲಿ ಈ ಗುಡ್ಡದಿಂದ ಹೊರಟ ಚೋಸೊಕಾಬೆ ಮೊತೋಚಿಕಾ ಎಂಬವನು ಶಿಕೋಕುವಿನ ಬಹುಭಾಗವನ್ನು ಗೆದ್ದ. 1585ರಲ್ಲಿ ಹಿದೆಯೋಶಿಗೆ ತಲೆಬಾಗಿ ತೋಸಾ ಒಂದನ್ನೇ ಉಳಿಸಿಕೊಂಡ. ಅವನ ಸೈನ್ಯದ ಬೆನ್ನೆಲುಬಾದ ‘ಇಚಿರ್ಯೋ ಗುಸೋಕು’ಗಳು ಗದ್ದೆಯ ಬದುವಿನಲ್ಲಿ ಈಟಿ ಮತ್ತು ಒಂದೇ ಒಂದು ಜೊತೆ ಕವಚವನ್ನು ಇಟ್ಟುಕೊಂಡು ಉಳುತ್ತಿದ್ದ ರೈತಯೋಧರು. ಈಗ ಅಲ್ಲಿರುವುದು ಏಣನ್ನು ಅಡ್ಡಕ್ಕೆ ಕಡಿದ ಒಣ ಕಂದಕಗಳು, ಸಮತಟ್ಟು ಮಾಡಿದ ಅಂಗಳಗಳು, ಬಿದಿರು. 1600ರಲ್ಲಿ ಸೆಕಿಗಾಹಾರಾದಲ್ಲಿ ಸೋತ ಪಕ್ಷದಲ್ಲಿದ್ದ ಚೋಸೊಕಾಬೆಗಳಿಂದ ನಾಡನ್ನು ಕಿತ್ತು ಯಾಮಾನೌಚಿ ಕಜುತೋಯೋಗೆ ಕೊಟ್ಟಾಗ, ಕೋಟೆಯನ್ನು ಒಪ್ಪಿಸಲು ಒಲ್ಲದ ಈ ರೈತಯೋಧರು ಉರಾದೋದಲ್ಲಿ ದಂಗೆಯೆದ್ದರು. 273 ತಲೆಗಳು ಉರುಳಿದವು.

ಕಜುತೋಯೋ 1601ರಲ್ಲಿ ಕಟ್ಟಲಾರಂಭಿಸಿದ ಕೋಚಿ ಕೋಟೆಗೆ ಹೋಗುವ ಹಾದಿಯಲ್ಲಿ, 1690ರಿಂದ ನಡೆಯುತ್ತಿರುವ ಭಾನುವಾರದ ಸಂತೆ ಕೋಟೆಯ ಬಾಗಿಲಿನ ಕಡೆಗೆ ಉದ್ದಕ್ಕೂ ಹರಡಿಕೊಂಡಿತ್ತು. ಶುಂಠಿ, ಯುಜು ನಿಂಬೆ, ಕತ್ತಿ ಕುಡುಗೋಲು, ಸಸಿಗಳು. ನಮ್ಮ ಬೋಂಡಾದಂತೆ ದಪ್ಪ ಹಿಟ್ಟಿನಲ್ಲಿ ಕರಿದ ಗೆಣಸನ್ನು ತಿನ್ನುತ್ತಿರುವಾಗ ಮೊದಲ ಹನಿ ಬಿತ್ತು. ವ್ಯಾಪಾರಿಗಳು ಒಂದಿಷ್ಟೂ ಗಡಿಬಿಡಿಯಿಲ್ಲದೆ ಪ್ಲಾಸ್ಟಿಕ್ ಹೊದಿಸಿದರು. ಕೋಚಿಯಲ್ಲಿ ವರ್ಷಕ್ಕೆ 2500 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅವರಿಗೆ ಇದು ಅಭ್ಯಾಸ.

1727ರ ಬೆಂಕಿಯಲ್ಲಿ ಕೋಟೆ ಸುಟ್ಟಿತು; ತೆನ್ಶು 1749ರಲ್ಲಿ ಹಳೆಯ ರೂಪದಲ್ಲೇ ಮತ್ತೆ ಎದ್ದಿತು. ಒಳಕೋಟೆಯ ಗೋಪುರ, ಅರಮನೆ, ಬುರುಜು, ಬಾಗಿಲುಗಳೆಲ್ಲ ಒಟ್ಟಿಗೆ ಉಳಿದಿರುವುದು ದೇಶದಲ್ಲಿ ಇಲ್ಲೊಂದೇ ಕಡೆ. ಅಳಿಯ ಕೊಡೆ ಮಡಚಿ, ಬೂಟು ಕಳಚಿ ಅರಮನೆಯ ಚಾಪೆಗಳ ಮೇಲೆ ನಡೆದು ಗೋಪುರ ಹತ್ತಿದ. ನಾನೂ ಹತ್ತಿದೆ, ಬೇಗನೆ ಇಳಿದೆ. ಏಕೆಂದರೆ ಮಳೆ ಜೋರಾಗಿತ್ತು, ಮತ್ತು ನಾನು ನೋಡಬೇಕಾದದ್ದು ಮಳೆಯಲ್ಲಿ ಮಾತ್ರ ಕಾಣುವಂಥದು.

ಮೂರನೆಯ ಅಂಗಳದ ಬಳಿ, ನೆಲ ಅಗೆದಾಗ ಸಿಕ್ಕ ಚೋಸೊಕಾಬೆ ಕಾಲದ ಕಲ್ಲುಗೋಡೆಯ ತುಣುಕನ್ನು ತೆರೆದು ತೋರಿಸಿದ್ದಾರೆ. ಗೆದ್ದವರು ಸೋತವರ ಗೋಡೆಯನ್ನು ಹೂತು ಅದರ ಮೇಲೆ ತಮ್ಮದನ್ನು ಕಟ್ಟಿದ್ದರು. ಕೆತ್ತದ ಕಲ್ಲುಗಳ ಆ ಮೇಲಿನ ಗೋಡೆಗಳ ಅಂಚಿನಿಂದ ಅಲ್ಲಲ್ಲಿ ಮಳೆನೀರು ಹರಿಸುವ ಉದ್ದನೆಯ ಕಲ್ಲಿನ ದೋಣಿಗಳು ಹೊರಕ್ಕೆ ಚಾಚಿಕೊಂಡಿವೆ. ಕೋಟೆಯಲ್ಲಿ ಇಂಥ ಹದಿನಾರು ದೋಣಿಗಳನ್ನು ಗುರುತಿಸಿದ್ದಾರೆ. ಮಳೆನಾಡಾದ ತೋಸಾಕ್ಕಾಗಿಯೇ ಮಾಡಿದ ಏರ್ಪಾಡು. ಅಂಗಳದ ನೀರು ಗೋಡೆಯ ಬೆನ್ನಿಗೆ ಇಳಿಯುವ ಮೊದಲೇ ಅದನ್ನು ಹಿಡಿದು ಹೊರಗೆ ಎಸೆಯುವುದು ಅವುಗಳ ಕೆಲಸ.

“ಮಾವ, ಮುದ್ರೆ ಆಯ್ತು, ಎಂಟು. ತೊಕುಶಿಮಾ ಒಂದು ಬಾಕಿ” ಎನ್ನುತ್ತ ಅಳಿಯ ಇಳಿದು ಬಂದ. “ಏನು ನೋಡ್ತಿದೀರಿ, ನೆನೆದುಕೊಂಡು?”

“ಅಲ್ಲಿ ನೋಡೋ” ಎಂದೆ.

ಕೊಡೆಯನ್ನು ನನ್ನ ಕಡೆಗೂ ಹಿಡಿದು ಅವನು ನೋಡಿದ. ದೋಣಿಯ ಬಾಯಿಂದ ಚಿಮ್ಮಿದ ನೀರು ಗೋಡೆಯ ಮೈಗೆ ತಾಕದೆ ಬಾಗಿ ಇಳಿದು, ಬುಡದಲ್ಲಿ ನೆಲ ಕೊರೆಯದಿರಲೆಂದು ಹಾಸಿದ್ದ ಚಪ್ಪಡಿಯ ಮೇಲೆ ಬಿದ್ದು ಸಿಡಿಯುತ್ತಿತ್ತು. ಬಾಗಿಲು ಮುಚ್ಚುವ ಹೊತ್ತಿನ ಧ್ವನಿವರ್ಧಕ ಕೂಗುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು.